ಪಿಕಪ್ ಸಾಲುತ್ತಿಲ್ಲ ಅನ್ನಿಸಿದಾಗ: ದೊಡ್ಡ ಎಂಜಿನ್ನಿನ ಕಾರು ಕೊಳ್ಳುವ ಮೊದಲು ಮಾಡಬೇಕಾದ್ದು

ನನ್ನ ಮೊದಲ ಕಾರಿಗೆ ಇದ್ದದ್ದು 67 ಎಚ್‌ಪಿ, ಅಂದರೆ ಹಾರ್ಸ್‌ಪವರ್. ಒಂದು ಲೀಟರ್ ಎಂಜಿನ್, ಮೂರು ಸಿಲಿಂಡರ್. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಹೊಲಿಗೆ ಮಷೀನಿನ ಹಾಗೆ ಸದ್ದು. ಒಂಬತ್ತು ವರ್ಷ ಅದರಲ್ಲೇ ಕೆಲಸಕ್ಕೆ ಹೋಗಿ ಬಂದೆ. ಹೋಗುವುದಕ್ಕೆ 46 ಕಿಲೋಮೀಟರ್, ಬರುವುದಕ್ಕೆ 46. ಮುಕ್ಕಾಲು ದಾರಿ ಎರಡೇ ಲೇನಿನ ಹೆದ್ದಾರಿ. ನಡುವೆ ಡಿವೈಡರ್ ಇಲ್ಲ. ಮುಂದೆ ಯಾವಾಗಲೂ ಒಂದು ಲಾರಿ ಇದ್ದೇ ಇರುತ್ತದೆ.

ಒಂದು ಸಂಜೆ ಅಂಥದ್ದೇ ಲಾರಿಯನ್ನು ಓವರ್‌ಟೇಕ್ ಮಾಡಲು ಹೊರಟೆ. ಆಕ್ಸಿಲರೇಟರ್ ಪೂರ್ತಿ ಒತ್ತಿದೆ. ಕಾರು ಗೊರಗೊರ ಅಂದಿತೇ ಹೊರತು ಮುಂದಕ್ಕೆ ಹೋಗಲಿಲ್ಲ. ಎದುರಿನಿಂದ ಹೆಡ್‌ಲೈಟ್ ಕಾಣಿಸಿತು. ಬ್ರೇಕ್ ಹಾಕಿ ಮತ್ತೆ ಲಾರಿಯ ಹಿಂದೆ ಸೇರಿಕೊಂಡೆ. ಮನೆ ಸೇರುವ ತನಕ ಕೈ ನಡುಗುತ್ತಿತ್ತು. ತಮ್ಮನಿಗೆ ಫೋನ್ ಮಾಡಿ ಹೇಳಿದೆ. "ಅಕ್ಕಾ, ಆ ಡಬ್ಬಾ ಬಿಟ್ಬಿಡು. ಪಿಕಪ್ ಇಲ್ಲದ ಕಾರು ಹೆದ್ದಾರೀಲಿ ಅಪಾಯ. ಪವರ್ ಇದ್ರೆ ತಾನೇ ತಪ್ಪಿಸ್ಕೊಳ್ಳೋಕಾಗೋದು?" ಅಂದ.

ಸರಿ ಅನ್ನಿಸಿತು. 120 ಎಚ್‌ಪಿಯ ಟರ್ಬೊ ಪೆಟ್ರೋಲ್ ಕಾರು ಬಂತು. ಟರ್ಬೊ ಅಂದರೆ ಎಂಜಿನ್ನಿಗೆ ಹೆಚ್ಚು ಗಾಳಿ ಒತ್ತಿ ತುಂಬಿ ಬಲ ಏರಿಸುವ ಸಾಧನ. ಹಳೆಯದು ಮನೆಯವರ ಪಾಲಿಗೆ ಹೋಯಿತು. ಮೂರನೇ ವಾರ, ಅದೇ ಹೆದ್ದಾರಿ. ಈ ಸಲ ಒಂದರ ಹಿಂದೆ ಒಂದು ಎರಡು ಲಾರಿ. ಹಿಂದಿನದನ್ನು ದಾಟಿ ನಡುವಿನ ಜಾಗಕ್ಕೆ ಸೇರಿಕೊಳ್ಳುವ ಯೋಚನೆ. ಒತ್ತಿದೆ. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಹಿಂದಿನಿಂದ ಯಾರೋ ನೂಕಿದ ಹಾಗೆ ಹಾರಿತು. ನಡುವಿನ ಜಾಗಕ್ಕೆ ಬಂದಾಗ ನಾನು 85ರಲ್ಲಿದ್ದೆ, ಮುಂದಿನ ಲಾರಿ 60ರಲ್ಲಿತ್ತು. ಬ್ರೇಕ್ ಪೆಡಲ್ ಕಾಲಡಿಯಲ್ಲಿ ಗಡಗಡ ಅಂದಿತು, ಅಂದರೆ ಗಟ್ಟಿ ಬ್ರೇಕಿಗೆ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಕೆಲಸ ಮಾಡಿತು. ಹಳೆ ಕಾರಿನಲ್ಲಿ ಹೆದರಿದ್ದಕ್ಕಿಂತ ಜಾಸ್ತಿ ಹೆದರಿದೆ.

ಹಾಗಾದರೆ ತೊಂದರೆ ಇರುವುದು ಎಲ್ಲಿ? ಇದನ್ನು ತಿಳಿಯಲು ಮನೆಯವರಿಂದ ಹಳೆ ಕಾರನ್ನು ಎರಡು ತಿಂಗಳಿಗೆ ವಾಪಸ್ ಇಸಿದುಕೊಂಡೆ. ಡ್ಯಾಶ್‌ಬೋರ್ಡ್ ಡಬ್ಬದಲ್ಲಿ ಒಂದು ಚಿಕ್ಕ ನೋಟ್‌ಬುಕ್ ಇಟ್ಟೆ. ಮುಂದೆ ಹೇಳುವುದೆಲ್ಲ ಅದರಿಂದ ಕಲಿತದ್ದು.

ಮೊದಲು ಬರೆಯಿರಿ

"ಛೆ, ಪಿಕಪ್ ಸಾಲಲಿಲ್ಲ" ಅಂತ ಅನ್ನಿಸಿದ ಪ್ರತಿ ಸಲವೂ ಬರೆಯಬೇಕು. ಓಡಿಸುವಾಗ ಅಲ್ಲ, ಕಾರು ನಿಲ್ಲಿಸಿದ ಮೇಲೆ. ಆರೇ ಮಾತು ಸಾಕು: ಎಷ್ಟು ವೇಗದಲ್ಲಿದ್ದೆ, ಯಾವ ಗಿಯರ್, ಕಾರಿನಲ್ಲಿ ಎಷ್ಟು ಜನ, ರಸ್ತೆ ಸಪಾಟೋ ಏರೋ, ಏನು ಮಾಡಲು ಹೊರಟಿದ್ದೆ, ಸುಮ್ನೆ ಬ್ರೇಕ್ ಹಾಕಿದ್ದರೆ ಏನಾಗುತ್ತಿತ್ತು. ಕೊನೆಯ ಪ್ರಶ್ನೆಯೇ ಮುಖ್ಯ. ಅದಕ್ಕೆ ಉತ್ತರ ಬರೆಯಲು ಮನಸ್ಸು ಒಪ್ಪುವುದಿಲ್ಲ, ಬಲವಂತವಾಗಿ ಬರೆಯಬೇಕು.

ಎರಡು ತಿಂಗಳಲ್ಲಿ ನನ್ನದು 23 ಸಲ ಆಯಿತು. ಅದರಲ್ಲಿ 12 ಸಲ ತಪ್ಪು ಗಿಯರ್‌ನಲ್ಲಿದ್ದೆ. 5 ಸಲ ಓವರ್‌ಟೇಕ್ ಮಾಡುವ ಅಗತ್ಯವೇ ಇರಲಿಲ್ಲ. ಒಂದು ಸಲವಂತೂ ನಾನು ತಿರುಗಬೇಕಾದ ಜಾಗ ಒಂದೂವರೆ ಕಿಲೋಮೀಟರ್ ದೂರದಲ್ಲಿತ್ತು. 3 ಸಲ ಕಾರು ತುಂಬ ಜನ, ಮೇಲಾಗಿ ಏರು. 2 ಸಲ ಲಾರಿಯ ಬಾಲಕ್ಕೆ ಅಂಟಿಕೊಂಡಿದ್ದೆ. ಉಳಿದ ಒಂದೇ ಒಂದು ಸಲ, ಎಲ್ಲ ಸರಿಯಾಗಿ ಮಾಡಿದರೂ, ಎಂಜಿನ್ ನಿಜವಾಗಿಯೂ ಸಾಲಲಿಲ್ಲ. ಅದರ ಕಥೆ ಆಮೇಲೆ ಹೇಳುತ್ತೇನೆ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆ ಹನ್ನೆರಡು ಸಾಲು ಓದಿದಾಗ ನನಗೆ ನೆನಪಾದದ್ದು ಇದೇ ಗಾದೆ.

ಇರುವ ಎಂಜಿನ್ನನ್ನು ಪೂರ್ತಿ ಬಳಸಿ

ಕಾರಿನ ಪುಸ್ತಕದಲ್ಲಿ ಬರೆದ ಎಚ್‌ಪಿ ಎಲ್ಲ ಹೊತ್ತಿನಲ್ಲೂ ಸಿಗುವುದಿಲ್ಲ. ನನ್ನ ಹಳೆ ಕಾರಿನ 67 ಎಚ್‌ಪಿ ಸಿಗುವುದು 5,500 ಆರ್‌ಪಿಎಂನಲ್ಲಿ, ಅಂದರೆ ಎಂಜಿನ್ ನಿಮಿಷಕ್ಕೆ 5,500 ಸುತ್ತು ಸುತ್ತುವಾಗ ಮಾತ್ರ. ಅದಕ್ಕಿಂತ ಕೆಳಗೆ ಎಷ್ಟು ಸಿಗುತ್ತದೆ ಅಂತ ತಿಳಿಯಲು ಸುಲಭದ ಲೆಕ್ಕ ಇದೆ. ಟಾರ್ಕನ್ನು, ಅಂದರೆ ಎಂಜಿನ್ನಿನ ತಿರುಗಿಸುವ ಬಲವನ್ನು, ನ್ಯೂಟನ್ ಮೀಟರ್‌ನಲ್ಲಿ ತೆಗೆದುಕೊಳ್ಳಿ, ಆರ್‌ಪಿಎಂನಿಂದ ಗುಣಿಸಿ, 7,000ದಿಂದ ಭಾಗಿಸಿ. ಬಂದದ್ದು ಸುಮಾರಾಗಿ ಎಚ್‌ಪಿ.

ಗಂಟೆಗೆ 60 ಕಿಲೋಮೀಟರ್‌ನಲ್ಲಿ 5ನೇ ಗಿಯರ್ ಹಾಕಿದ್ದರೆ ನನ್ನ ಎಂಜಿನ್ ಸುತ್ತುವುದು 1,900 ಆರ್‌ಪಿಎಂ. ಅಲ್ಲಿ ಟಾರ್ಕ್ ಸುಮಾರು 80. ಗುಣಿಸಿ ಭಾಗಿಸಿದರೆ 22 ಎಚ್‌ಪಿ. ಅದೇ 60ರಲ್ಲಿ 3ನೇ ಗಿಯರ್ ಹಾಕಿದರೆ 3,200 ಆರ್‌ಪಿಎಂ, ಟಾರ್ಕ್ 90. ಈಗ 41 ಎಚ್‌ಪಿ. ಕಾರು ಅದೇ, ರಸ್ತೆ ಅದೇ, ಕಾಲು ಅದೇ. ಕೈ ಒಂದು ಸಲ ಆಡಿದ್ದಕ್ಕೆ ಎಂಜಿನ್ ಹೆಚ್ಚುಕಡಿಮೆ ಎರಡು ಪಟ್ಟಾಯಿತು. ಅವತ್ತು ಸಂಜೆ ಗೊರಗೊರ ಅಂದದ್ದು 22 ಎಚ್‌ಪಿಯ ಕಾರು, 67ರದ್ದಲ್ಲ.

ಅದಕ್ಕೇ ಖಾಲಿ ರಸ್ತೆಯಲ್ಲಿ ಒಂದು ಭಾನುವಾರ ಕಳೆಯಿರಿ. 40ರಿಂದ 80ಕ್ಕೆ ಹೋಗಲು 3ನೇ ಗಿಯರ್‌ನಲ್ಲಿ ಎಷ್ಟು ಸೆಕೆಂಡ್ ಬೇಕು, 4ರಲ್ಲಿ ಎಷ್ಟು ಅಂತ ಪಕ್ಕದಲ್ಲಿ ಕೂತವರು ಫೋನಿನಲ್ಲಿ ಅಳೆಯಲಿ. ನಾನೊಬ್ಬಳೇ ಇದ್ದ ಹಾಗಿನ ಭಾರದಲ್ಲಿ ನನ್ನ ಹಳೆ ಕಾರಿಗೆ 3ರಲ್ಲಿ ಎಂಟೂವರೆ ಸೆಕೆಂಡ್ ಬೇಕು. ಟರ್ಬೊಗೆ 6. ಈ ಅಂಕಿ ಬಾಯಿಪಾಠ ಆಗಿದ್ದರೆ ರಸ್ತೆಯಲ್ಲಿ ಊಹೆ ಮಾಡಬೇಕಾಗಿಲ್ಲ.

ಗಿಯರ್ ಇಳಿಸುವುದು ಯಾವಾಗ? ಲೇನ್ ಬಿಟ್ಟು ಹೊರಗೆ ಬಂದ ಮೇಲೆ ಅಲ್ಲ. ಇನ್ನೂ ನಿಮ್ಮ ಲೇನಿನಲ್ಲಿ ಇರುವಾಗಲೇ. ಎಂಜಿನ್ ಜೋರಾಗಿ ಕೂಗುತ್ತದೆ ಅಂತ ಹೆದರಬೇಡಿ. ಮೀಟರಿನ ಕೆಂಪು ಗೆರೆ ತಲುಪದಿದ್ದರೆ 4,500 ಆರ್‌ಪಿಎಂ ಪೆಟ್ರೋಲ್ ಎಂಜಿನ್ನಿಗೆ ಯಾವ ತೊಂದರೆಯನ್ನೂ ಮಾಡುವುದಿಲ್ಲ. ಡೀಸೆಲ್ ಆದರೆ ಬಲ ಕೆಳಗೇ ಸಿಗುತ್ತದೆ, 2,000ದ ಆಸುಪಾಸಿನಲ್ಲಿ. ಅಷ್ಟು ಕೂಗಿಸಬೇಕಾಗಿಲ್ಲ. ಆಟೊಮ್ಯಾಟಿಕ್ ಇರುವವರು ಪೆಡಲನ್ನು ಅಡಿತನಕ ಒತ್ತಿದರೆ ಗಿಯರ್ ತಾನೇ ಇಳಿಯುತ್ತದೆ. ಆದರೆ ಅದು ಅರ್ಧ ಸೆಕೆಂಡ್, ಕೆಲವು ಸಲ ಇನ್ನೂ ಸ್ವಲ್ಪ ಹೆಚ್ಚು ಹೊತ್ತು ಯೋಚಿಸುತ್ತದೆ. ಹಾಗಾಗಿ ಮೊದಲೇ ಸ್ಪೋರ್ಟ್ ಮೋಡ್ ಹಾಕಿಕೊಳ್ಳುವುದು ಒಳ್ಳೆಯದು.

5, 9, 25

"ಪವರ್ ಇದ್ದರೆ ತಪ್ಪಿಸಿಕೊಳ್ಳಬಹುದು" ಅನ್ನುವ ಮಾತನ್ನು ನಾನೂ ನಂಬಿದ್ದೆ. ತುಂಬ ಜನ ನಂಬುತ್ತಾರೆ. ಈ ಮೂರು ಅಂಕಿ ನೋಡಿದ ಮೇಲೆ ಬಿಟ್ಟೆ.

ನನ್ನ ಹಳೆ ಕಾರು 60ರಲ್ಲಿ ಸರಿಯಾದ ಗಿಯರ್‌ನಲ್ಲಿ ಪೂರ್ತಿ ಒತ್ತಿದರೆ ಒಂದು ಸೆಕೆಂಡಿಗೆ ಗಂಟೆಗೆ 5 ಕಿಲೋಮೀಟರ್‌ನಷ್ಟು ವೇಗ ಏರಿಸುತ್ತದೆ. ಟರ್ಬೊ ಕಾರು ತನ್ನ ಬಲವೆಲ್ಲ ಹಾಕಿದರೆ ಸುಮಾರು 9. ಎರಡರಲ್ಲಿ ಯಾವುದೇ ಕಾರಿನಲ್ಲಿ ಒಣ ರಸ್ತೆಯ ಮೇಲೆ ಬ್ರೇಕ್ ಗಟ್ಟಿಯಾಗಿ ಒತ್ತಿದರೆ ಒಂದು ಸೆಕೆಂಡಿಗೆ 25 ಇಳಿಯುತ್ತದೆ.

ಅಂದರೆ ಅತಿ ಚಿಕ್ಕ ಕಾರಿನ ಬ್ರೇಕಿಗೂ ಚುರುಕು ಕಾರಿನ ಎಂಜಿನ್ನಿಗಿಂತ ಎರಡೂವರೆ ಪಟ್ಟು ಹೆಚ್ಚು ಬಲ. ಅಡ್ಡ ಬಂದ ನಾಯಿ, ಸಿಗ್ನಲ್ ಮುರಿದ ಬೈಕು, ಇಂಡಿಕೇಟರ್ ಹಾಕದೆ ಲೇನ್ ಬದಲಿಸಿದ ವ್ಯಾನು, ಏನೇ ಇರಲಿ. ತಪ್ಪಿಸಿಕೊಳ್ಳುವ ದಾರಿ ಹತ್ತರಲ್ಲಿ ಒಂಬತ್ತು ಸಲ ಎಡಗಡೆಯ ಪೆಡಲ್‌ನಲ್ಲಿದೆ. ಮ್ಯಾನ್ಯುಯಲ್ ಇರುವವರಿಗೆ ನಡುವಿನದು, ಬಿಡಿ. ನನ್ನ 23ರಲ್ಲಿ 22 ಸಲ "ಬ್ರೇಕ್ ಹಾಕಿದ್ದರೆ ಏನಾಗುತ್ತಿತ್ತು" ಅನ್ನುವ ಪ್ರಶ್ನೆಗೆ ಉತ್ತರ ಒಂದೇ: ಏನೂ ಆಗುತ್ತಿರಲಿಲ್ಲ, ಸ್ವಲ್ಪ ತಡ ಆಗುತ್ತಿತ್ತು.

ಆದರೆ ಆ ಬ್ರೇಕಿನ ಬಲವನ್ನೂ ವೇಗ ತಿಂದುಹಾಕುತ್ತದೆ. ವೇಗ ಎರಡು ಪಟ್ಟಾದರೆ ಬ್ರೇಕ್ ಹಾಕಿದ ಮೇಲೆ ಕಾರು ಹೋಗುವ ದೂರ ನಾಲ್ಕು ಪಟ್ಟಾಗುತ್ತದೆ. ಕಂಡು, ಅರಿತು, ಕಾಲು ಬ್ರೇಕಿಗೆ ಬರಲು ಒಂದೂವರೆ ಸೆಕೆಂಡ್ ಅಂತ ಇಟ್ಟುಕೊಳ್ಳಿ. 80ರಲ್ಲಿದ್ದ ಕಾರು ಒಟ್ಟು ಸುಮಾರು 69 ಮೀಟರ್‌ನಲ್ಲಿ ನಿಲ್ಲುತ್ತದೆ. 100ರಲ್ಲಿದ್ದದ್ದು ಸುಮಾರು 97ರಲ್ಲಿ. ಈಗ ಎರಡೂ ಕಾರು ಅಕ್ಕಪಕ್ಕ ಹೋಗುತ್ತಿವೆ, ಇಬ್ಬರೂ ಅಪಾಯವನ್ನು ಒಂದೇ ಕ್ಷಣದಲ್ಲಿ ಕಂಡರು ಅಂದುಕೊಳ್ಳಿ. 80ರ ಕಾರು ಪೂರ್ತಿ ನಿಂತ ಜಾಗದಲ್ಲಿ 100ರ ಕಾರು ಇನ್ನೂ 70ರಲ್ಲಿ ಹೋಗುತ್ತಿರುತ್ತದೆ. ಇದನ್ನು ಮೊದಲ ಸಲ ಲೆಕ್ಕ ಹಾಕಿದಾಗ ತಪ್ಪಾಗಿದೆ ಅಂದುಕೊಂಡು ಮತ್ತೆ ಹಾಕಿದೆ. ತಪ್ಪಾಗಿರಲಿಲ್ಲ.

ಟರ್ಬೊ ಬಂದ ಮೇಲೆ 46 ನಿಮಿಷದ ನನ್ನ ದಾರಿ 43 ನಿಮಿಷಕ್ಕೆ ಇಳಿದಿತ್ತು. ನಾನು ವೇಗವಾಗಿ ಹೋಗಬೇಕು ಅಂತ ಹೋದದ್ದಲ್ಲ. ಕಾರು ಸದ್ದಿಲ್ಲದೆ ಹೋಗುತ್ತದೆ, ಅಷ್ಟೇ. ಹಳೆಯದರಲ್ಲಿ 100 ಅಂದರೆ ಇಡೀ ಕಾರು ನಡುಗಿ ಹೇಳುತ್ತಿತ್ತು, ಹೊಸದರಲ್ಲಿ ಮೀಟರ್ ನೋಡಿದರೆ ಮಾತ್ರ ಗೊತ್ತು. ಸರಾಸರಿ ವೇಗ ಶೇಕಡಾ 7ರಷ್ಟು ಏರಿತು. ರಸ್ತೆಯೊಂದರ ಸರಾಸರಿ ವೇಗ ಶೇಕಡಾ 1 ಏರಿದರೆ ಜೀವ ಹೋಗುವಂಥ ಅಪಘಾತದ ಸಾಧ್ಯತೆ ಶೇಕಡಾ 4ರಷ್ಟು ಏರುತ್ತದೆ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದು ಇಡೀ ರಸ್ತೆಯ ಲೆಕ್ಕ, ನನ್ನೊಬ್ಬಳದ್ದಲ್ಲ. ಆದರೂ ಮೂರು ನಿಮಿಷಕ್ಕೆ ಇಷ್ಟು ಬೆಲೆ ಜಾಸ್ತಿ ಆಯಿತು, ಅಲ್ವಾ?

ಓವರ್‌ಟೇಕ್: ಪವರ್ ನಿಜವಾಗಿ ನೆರವಾಗುವ ಜಾಗ

ತಮ್ಮನ ಮಾತು ಪೂರ್ತಿ ಸುಳ್ಳಲ್ಲ. ಎರಡು ಲೇನಿನ ರಸ್ತೆಯಲ್ಲಿ ಓವರ್‌ಟೇಕ್ ಮಾಡುವಾಗ ಎದುರಿನವರ ಲೇನಿನಲ್ಲಿ ಎಷ್ಟು ಹೊತ್ತು ಇರುತ್ತೀರಿ ಅನ್ನುವುದೇ ಅಪಾಯದ ಅಳತೆ. ಅಲ್ಲಿ ಪಿಕಪ್ ಲೆಕ್ಕಕ್ಕೆ ಬರುತ್ತದೆ. ಎಷ್ಟು ಬರುತ್ತದೆ ಅಂತ ನೋಡೋಣ.

ಲಾರಿ 60ರಲ್ಲಿ ಹೋಗುತ್ತಿದೆ. ಉದ್ದ 12 ಮೀಟರ್. ನಾನು 20 ಮೀಟರ್ ಹಿಂದಿನಿಂದ ಹೊರಟು, ದಾಟಿ, ಅದರ ಮುಂದೆ 20 ಮೀಟರ್ ಜಾಗ ಬಿಟ್ಟು ಒಳಗೆ ಬರುತ್ತೇನೆ. ನನ್ನ ಕಾರಿನ 4 ಮೀಟರ್ ಸೇರಿ ಒಟ್ಟು 56 ಮೀಟರ್ ಹೆಚ್ಚಿಗೆ ಹೋಗಬೇಕು. ನಾನು 80ರಲ್ಲಿದ್ದರೆ ಲಾರಿಗಿಂತ 20 ಹೆಚ್ಚು, ಅಂದರೆ ಸೆಕೆಂಡಿಗೆ ಐದೂವರೆ ಮೀಟರ್. 10 ಸೆಕೆಂಡ್ ಬೇಕು. ಅಷ್ಟರಲ್ಲಿ ನಾನು 222 ಮೀಟರ್ ಹೋಗಿರುತ್ತೇನೆ. ಎದುರಿನಿಂದ 80ರಲ್ಲಿ ಬರುವವನೂ 222 ಮೀಟರ್ ಹತ್ತಿರ ಬಂದಿರುತ್ತಾನೆ. ಹೊರಗೆ ಬರುವಾಗ ಕನಿಷ್ಠ 450 ಮೀಟರ್ ರಸ್ತೆ ಖಾಲಿ ಕಾಣಬೇಕು. ಅದರ ಮೇಲೆ ಎಡವಟ್ಟಿಗೆ ಅಂತ ಇನ್ನೊಂದು ನೂರಿನ್ನೂರು.

ಬಲವಾದ ಕಾರು ಸರಾಸರಿ 100ರಲ್ಲಿ ದಾಟಿದರೆ 5 ಸೆಕೆಂಡ್, 250 ಮೀಟರ್. ಇಲ್ಲಿ ಲಾಭ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಆ ಲಾಭವನ್ನು ನಾವು ಏನು ಮಾಡುತ್ತೇವೆ? ಮೊದಲು 450 ಮೀಟರ್ ಖಾಲಿ ಕಂಡರೆ ಮಾತ್ರ ಹೊರಡುತ್ತಿದ್ದವಳು ಈಗ 260 ಕಂಡರೂ ಹೊರಡುತ್ತೇನೆ. ಉಳಿಸಿದ ಐದು ಸೆಕೆಂಡನ್ನು ಅಲ್ಲೇ ಖರ್ಚು ಮಾಡಿ ಬರುತ್ತೇನೆ. ಎರಡು ಲಾರಿಯ ನಡುವೆ ಸಿಕ್ಕಿಕೊಂಡದ್ದು ಹೀಗೇ. 67 ಎಚ್‌ಪಿಯಲ್ಲಿ ಆ ಜಾಗಕ್ಕೆ ನುಗ್ಗುವ ಧೈರ್ಯವೇ ಬರುತ್ತಿರಲಿಲ್ಲ.

ಕಡಿಮೆ ಪವರ್‌ನ ಕಾರಿನಲ್ಲಿ ನಾನು ಮಾಡುವುದು ಹೀಗೆ. ಲಾರಿಗೆ ಅಂಟಿಕೊಳ್ಳುವುದಿಲ್ಲ. 40 ಮೀಟರ್ ಹಿಂದೆ ನಿಲ್ಲುತ್ತೇನೆ. ಅಷ್ಟು ಹಿಂದೆ ಇದ್ದರೆ ಲಾರಿಯ ಆಚೆ ಏನಿದೆ ಅನ್ನುವುದೂ ಕಾಣುತ್ತದೆ. ಅಂಟಿಕೊಂಡರೆ ಕಾಣುವುದು ಅದರ ಹಿಂದಿನ ಹಲಗೆ ಮಾತ್ರ. 3ನೇ ಗಿಯರ್ ಹಾಕಿಕೊಂಡು ಕಾಯುತ್ತೇನೆ. ಎದುರಿನಿಂದ ಬರುತ್ತಿರುವ ಕೊನೆಯ ಗಾಡಿ ಇನ್ನೇನು ದಾಟಿ ಹೋಗುತ್ತದೆ, ಅದರ ಹಿಂದೆ ರಸ್ತೆ ಖಾಲಿ ಅಂತ ಕಂಡ ಕೂಡಲೇ ನನ್ನ ಲೇನಿನಲ್ಲೇ ವೇಗ ಏರಿಸಲು ಶುರು ಮಾಡುತ್ತೇನೆ. ಆ 40 ಮೀಟರ್ ನನ್ನ ಓಡುದಾರಿ. ಲೇನ್ ಬದಲಿಸುವ ಹೊತ್ತಿಗೆ ಲಾರಿಗಿಂತ 15 ಹೆಚ್ಚಿರುತ್ತೇನೆ. ಹೊರಗೆ ಹೋಗುವ ಮುಂಚೆ ಇನ್ನೊಂದು ಸಲ ನೋಡುತ್ತೇನೆ. ಸಂಶಯ ಬಂದರೆ ಕಾಲು ತೆಗೆದು ಬ್ರೇಕ್. ಇನ್ನೂ ನನ್ನ ಲೇನಿನಲ್ಲೇ ಇರುತ್ತೇನಲ್ಲ, ಏನೂ ಕೆಟ್ಟಿಲ್ಲ. ಹೀಗೆ ಬಿಟ್ಟುಬಿಡಲು ನಾಚಿಕೆ ಪಡಬಾರದು. ನಾನು ಮೂರರಲ್ಲಿ ಒಂದನ್ನು ಬಿಡುತ್ತೇನೆ.

ತಿರುವು, ದಿಬ್ಬದ ನೆತ್ತಿ, ಪಕ್ಕದಿಂದ ರಸ್ತೆ ಬಂದು ಸೇರುವ ಜಾಗ, ಇಲ್ಲೆಲ್ಲ ಎಷ್ಟೇ ಎಚ್‌ಪಿ ಇರಲಿ ಓವರ್‌ಟೇಕ್ ಇಲ್ಲ. ಎರಡು ಗಾಡಿಯನ್ನು ಒಟ್ಟಿಗೆ ದಾಟುವುದನ್ನೂ ನಾನು ನಿಲ್ಲಿಸಿದ್ದೇನೆ.

ಏರು, ಭಾರ, ಸೇರುವ ದಾರಿ

ಸಪಾಟು ರಸ್ತೆಯಲ್ಲಿ 100ರಲ್ಲಿ ಒಂದೇ ಸಮನೆ ಹೋಗಲು ಸಾಮಾನ್ಯ ಕಾರಿಗೆ ಬೇಕಾಗುವುದು ಸುಮಾರು 20 ಎಚ್‌ಪಿ. ಹೌದು, ಇಪ್ಪತ್ತೇ. ಗಾಳಿಯನ್ನು ಸೀಳಲು ಮತ್ತು ಟೈರ್ ಉರುಳಲು ಅಷ್ಟು ಸಾಕು. ಉಳಿದದ್ದೆಲ್ಲ ವೇಗ ಏರಿಸಲು, ಗುಡ್ಡ ಹತ್ತಲು.

ಗುಡ್ಡವೂ ನಾವು ಅಂದುಕೊಂಡಷ್ಟು ಕೇಳುವುದಿಲ್ಲ. ನನ್ನ ಹಳೆ ಕಾರಿನಲ್ಲಿ ಐದು ಜನ, ಡಿಕ್ಕಿಯಲ್ಲಿ 50 ಕಿಲೋ ಲಗೇಜು. 100 ಮೀಟರ್ ಹೋದರೆ 6 ಮೀಟರ್ ಏರುವ ರಸ್ತೆ. 50ರ ವೇಗದಲ್ಲಿ ಹತ್ತಲು ಇದಕ್ಕೂ ಸುಮಾರು 20 ಎಚ್‌ಪಿಯೇ ಸಾಕು. 3ನೇ ಗಿಯರ್‌ನಲ್ಲಿ ಆರಾಮಾಗಿ ಸಿಗುತ್ತದೆ, ಸುಸ್ತಾದರೆ 2ನೆಯದು. ಗುಡ್ಡದಲ್ಲಿ ಕಷ್ಟ ಆಗುವುದು ಹತ್ತುವುದಲ್ಲ, ಹತ್ತುತ್ತಾ ಇನ್ನೊಬ್ಬರನ್ನು ದಾಟುವುದು. ಅದನ್ನು ಮಾಡಬೇಡಿ. ಇಳಿಯುವಾಗ ಹತ್ತಿದ ಗಿಯರ್‌ನಲ್ಲೇ ಇಳಿಯಿರಿ. ಬರೀ ಬ್ರೇಕ್ ಮೇಲೆ ಇಳಿದರೆ ಅದು ಕಾದು ಹಿಡಿತ ಬಿಡುತ್ತದೆ. ಇನ್ನೊಂದು ಮಾತು: ಟರ್ಬೊ ಇಲ್ಲದ ಎಂಜಿನ್ ಪ್ರತಿ 1,000 ಮೀಟರ್ ಎತ್ತರಕ್ಕೆ ಸುಮಾರು ಶೇಕಡಾ 10ರಷ್ಟು ಬಲ ಕಳೆದುಕೊಳ್ಳುತ್ತದೆ. ಗಾಳಿ ತೆಳುವಾಗುತ್ತದಲ್ಲ, ಅದಕ್ಕೆ.

ಭಾರವನ್ನು ಮಾತ್ರ ಹಗುರಾಗಿ ತೆಗೆದುಕೊಳ್ಳಬಾರದು. ನಾನೊಬ್ಬಳೇ ಇದ್ದರೆ ಆ ಕಾರು 910 ಕಿಲೋ. ಐದು ಜನ, ಲಗೇಜು ಸೇರಿದರೆ 1,225. ಒಂದು ಟನ್ನಿಗೆ 74 ಎಚ್‌ಪಿ ಇದ್ದದ್ದು 55ಕ್ಕೆ ಇಳಿಯಿತು. 40ರಿಂದ 80ಕ್ಕೆ ಎಂಟೂವರೆ ಸೆಕೆಂಡ್ ಇದ್ದದ್ದು ಹನ್ನೊಂದೂವರೆ ಆಯಿತು. ದಿನಾ ಒಬ್ಬರೇ ಓಡಿಸಿ ಅಭ್ಯಾಸ ಆದವರು ರಜೆಗೆ ಎಲ್ಲರನ್ನೂ ತುಂಬಿಕೊಂಡು ಹೊರಟ ದಿನ ಎಡವುವುದು ಇಲ್ಲೇ. ಮೊದಲ ಹತ್ತು ಕಿಲೋಮೀಟರ್ ಯಾರನ್ನೂ ದಾಟದೆ ಕಾರಿನ ಹೊಸ ಭಾರವನ್ನು ತಿಳಿದುಕೊಳ್ಳಿ.

ಈಗ ಆ ಒಂದು ಸಲದ ಕಥೆ. ವೇಗದ ಹೆದ್ದಾರಿಗೆ ಪಕ್ಕದಿಂದ ಸೇರುವ ದಾರಿ, ಉದ್ದ ಹೆಚ್ಚೆಂದರೆ 150 ಮೀಟರ್, ಅದೂ ಏರಿನಲ್ಲಿ. ಕಾರಿನಲ್ಲಿ ನಾಲ್ಕು ಜನ. ಆಚೆ ಎಲ್ಲರೂ 100ರಲ್ಲಿ. 2ನೇ ಗಿಯರ್, ಆಮೇಲೆ 3, ಎರಡನ್ನೂ ಪೂರ್ತಿ ಎಳೆದರೂ ದಾರಿ ಮುಗಿದಾಗ ನಾನು 68ರಲ್ಲಿದ್ದೆ. ಹಿಂದಿನ ಗಾಡಿಯವರು ಬ್ರೇಕ್ ಹಾಕಬೇಕಾಯಿತು. ಟರ್ಬೊ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ, ಒಪ್ಪುತ್ತೇನೆ. ಇಂಥ ಜಾಗ ನಿಮ್ಮ ದಿನದ ದಾರಿಯಲ್ಲಿದ್ದರೆ, ದಿನಾ ಕಾರು ತುಂಬಿಕೊಂಡು ಹೋಗುವವರಾದರೆ, ಹಿಂದೆ ಟ್ರೇಲರ್ ಎಳೆಯುವವರಾದರೆ, ಎಂಜಿನ್ ಸ್ವಲ್ಪ ದೊಡ್ಡದೇ ಇರಲಿ. ಅಲ್ಲಿಯತನಕ ಉಪಾಯ ಏನೆಂದರೆ, ಸೇರುವ ದಾರಿಯ ಶುರುವಿನಲ್ಲೇ ಜಾಗ ಹುಡುಕಿ. ಸಿಗದಿದ್ದರೆ ಅಲ್ಲೇ ನಿಧಾನ ಮಾಡಿ, ಮುಂದೆ ಓಡಲು ಜಾಗ ಉಳಿಸಿಕೊಳ್ಳಿ. ದಾರಿಯ ತುದಿಗೆ ಹೋಗಿ ನಿಂತರೆ ಕೆಟ್ಟಿತು. ಅಲ್ಲಿಂದ ಹೊರಡಲು ಯಾವ ಎಂಜಿನ್ನಿಗೂ ಕಷ್ಟ.

ಎಂಜಿನ್ನಿಗಿಂತ ಮೊದಲು ನೋಡಬೇಕಾದ್ದು

ಬಹಳ ಹೇಳುವುದಿಲ್ಲ, ಎಲ್ಲರಿಗೂ ಗೊತ್ತಿರುವುದೇ. ಗೊತ್ತಿದ್ದೂ ಯಾರೂ ಮಾಡುವುದಿಲ್ಲ, ಅಷ್ಟೇ.

ಟೈರ್. ರಸ್ತೆಗೆ ತಾಗಿರುವುದು ನಾಲ್ಕು ಅಂಗೈ ಅಗಲದ ರಬ್ಬರ್ ಮಾತ್ರ. ಎಂಜಿನ್ನು, ಬ್ರೇಕು, ಸ್ಟೇರಿಂಗು ಏನು ಮಾಡಿದರೂ ಅದರ ಮೂಲಕವೇ. ಟೈರಿನ ಗೀರುಗಳ ನಡುವೆ ಚಿಕ್ಕ ಉಬ್ಬು ಇರುತ್ತದೆ. ಗೀರಿನ ಆಳ 1.6 ಮಿಲಿಮೀಟರ್‌ಗೆ ಇಳಿದಾಗ ಆ ಉಬ್ಬು ಟೈರಿನ ಮೈಗೆ ಸಮ ಆಗುತ್ತದೆ. ಅಷ್ಟು ಹೊತ್ತು ಕಾಯಬೇಡಿ, ಮಳೆಯಲ್ಲಿ ಅದಕ್ಕಿಂತ ಮುಂಚೆಯೇ ಹಿಡಿತ ತಪ್ಪುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 2319 ಅಂತಿದ್ದರೆ 2019ರ 23ನೇ ವಾರ ತಯಾರಾದದ್ದು. ಸೆಕೆಂಡ್ ಹ್ಯಾಂಡ್ ಕಾರು ನೋಡುವಾಗ ಬಾನೆಟ್ ತೆಗೆಯುವ ಮೊದಲು ನಾನು ಬಗ್ಗಿ ಇದನ್ನು ಓದುತ್ತೇನೆ. ಗಾಳಿ ಎಷ್ಟಿರಬೇಕು ಅನ್ನುವುದು ಸಾಮಾನ್ಯವಾಗಿ ಡ್ರೈವರ್ ಬಾಗಿಲ ಕಂಬದ ಚೀಟಿಯಲ್ಲಿದೆ. ಕಾರು ತುಂಬಿದಾಗ ಬೇರೆ ಅಂಕಿ, ಅದನ್ನೂ ಅಲ್ಲೇ ಬರೆದಿರುತ್ತಾರೆ.

ಇಎಸ್‌ಸಿ. ಕಾರು ಜಾರಿ ಅಡ್ಡ ತಿರುಗಲು ಹೊರಟಾಗ ಒಂದೊಂದೇ ಚಕ್ರಕ್ಕೆ ಬ್ರೇಕ್ ಹಾಕಿ ನೇರ ಮಾಡುವ ವ್ಯವಸ್ಥೆ ಇದು. 1995ರಲ್ಲಿ ದುಬಾರಿ ಕಾರುಗಳಲ್ಲಿ ಬಂತು. ಎಬಿಎಸ್ ಇನ್ನೂ ಹಳೆಯದು, 1978. ನನ್ನನ್ನು ಕೇಳಿದರೆ 50 ಎಚ್‌ಪಿ ಜಾಸ್ತಿ ಇರುವ ಕಾರಿಗಿಂತ ಇಎಸ್‌ಸಿ ಇರುವ ಕಾರು ಮೇಲು. ಕೆಲವು ಕಡೆ ಕಂಪನಿಗಳು ಇದನ್ನು ದೊಡ್ಡ ಎಂಜಿನ್ನಿನ ಮಾಡೆಲ್‌ಗೆ ಮಾತ್ರ ಕೊಡುತ್ತವೆ. ಹಾಗಿದ್ದರೆ ಆ ಮಾಡೆಲ್ ತಗೊಳ್ಳಿ, ಆದರೆ ಯಾವ ಕಾರಣಕ್ಕೆ ತಗೊಂಡದ್ದು ಅಂತ ನೆನಪಿರಲಿ.

ಬೆಲ್ಟು ಹಿಂದಿನ ಸೀಟಿನವರಿಗೂ. ಮುಂದಿನ ಗಾಡಿಗೆ ಮೂರು ಸೆಕೆಂಡಿನ ಅಂತರ. ಮಳೆಯಲ್ಲಿ ಇನ್ನೂ ಜಾಸ್ತಿ.

ಕೊಳ್ಳಲೇಬೇಕು ಅಂತಿದ್ದರೆ

ಎಚ್‌ಪಿಯನ್ನು ಒಂಟಿಯಾಗಿ ನೋಡಬೇಡಿ. ಐದು ಜನ, ಲಗೇಜು ಸೇರಿದ ತೂಕವನ್ನು ಟನ್ನಿನಲ್ಲಿ ಬರೆದು ಎಚ್‌ಪಿಯನ್ನು ಅದರಿಂದ ಭಾಗಿಸಿ. ಖಾಲಿ ಇದ್ದಾಗಲೇ 1,600 ಕಿಲೋ ತೂಗುವ ದೊಡ್ಡ ಗಾಡಿಗೆ 100 ಎಚ್‌ಪಿ ಅಂದರೆ ನನ್ನ ಡಬ್ಬಾಕ್ಕಿಂತ ಏನೂ ಚುರುಕಲ್ಲ, ನೋಡಲು ಮಾತ್ರ ಗಟ್ಟಿ. ತುಂಬಿದ ಕಾರಿಗೆ ಟನ್ನಿಗೆ 50 ಸಿಕ್ಕರೆ ದಿನದ ಓಡಾಟ ನಡೆಯುತ್ತದೆ. 60ರಿಂದ 70 ಇದ್ದರೆ ಎರಡು ಲೇನಿನ ಹೆದ್ದಾರಿಗೂ ನೆಮ್ಮದಿ. 100 ದಾಟಿದರೆ ಅದು ಖುಷಿಗೆ. ಖುಷಿ ತಪ್ಪಲ್ಲ, ಆದರೆ ಅದನ್ನು ಸುರಕ್ಷತೆ ಅಂತ ಕರೆಯಬೇಡಿ. ಇದು ನನ್ನ ಅಂದಾಜು, ಕಂಪನಿಯವರದ್ದಲ್ಲ.

ಟೆಸ್ಟ್ ಡ್ರೈವ್‌ಗೆ ಒಬ್ಬರೇ ಹೋಗಬೇಡಿ. ಮೂರು ಜನರನ್ನು ಹತ್ತಿಸಿಕೊಳ್ಳಿ, ಎಸಿ ಹಾಕಿ, ಒಂದು ಏರು ಹುಡುಕಿ. ಶೋರೂಮಿನವರು ಖಾಲಿ ರಸ್ತೆಯಲ್ಲಿ ಒಮ್ಮೆ ಒತ್ತಿಸಿ ಬೆನ್ನು ಸೀಟಿಗೆ ಅಂಟಿಸುತ್ತಾರೆ. ಅದಲ್ಲ ಬೇಕಾದ್ದು. 40ರಿಂದ 80ಕ್ಕೆ ಎಷ್ಟು ಸೆಕೆಂಡ್, 2,000 ಆರ್‌ಪಿಎಂ ಕೆಳಗೆ ಒತ್ತಿದರೆ ಎಷ್ಟು ಹೊತ್ತು ಸುಮ್ಮನಿರುತ್ತದೆ, ಬ್ರೇಕ್ ಪೆಡಲ್ ಕಾಲಿಗೆ ಹೇಗೆ ಸಿಗುತ್ತದೆ, ಕಂಬಗಳ ಮಧ್ಯೆ ಹೊರಗೆ ಎಷ್ಟು ಕಾಣುತ್ತದೆ. ಇಷ್ಟನ್ನು ನೋಡಿ.

ಈಗಾಗಲೇ ಬಲವಾದ ಕಾರು ಇದ್ದವರು ಮೊದಲ ತಿಂಗಳು ಹಳೆ ಕಾರಿನ ಲೆಕ್ಕದಲ್ಲೇ ಓವರ್‌ಟೇಕ್ ಮಾಡಿ. ಅದೇ 450 ಮೀಟರ್. ಮಿಕ್ಕ ಐದು ಸೆಕೆಂಡನ್ನು ಮುಟ್ಟಬೇಡಿ. ವೇಗ ಮಿತಿ ಹಾಕುವ ಗುಂಡಿ ಇದ್ದರೆ ಒತ್ತಿ ಇಡಿ, ಯಾಕೆಂದರೆ ಸದ್ದಿಲ್ಲದ ಕಾರು ವೇಗ ಹೇಳುವುದಿಲ್ಲ. ಒದ್ದೆ ರಸ್ತೆಯಲ್ಲಿ ತಿರುವಿನಿಂದ ಹೊರಬರುವಾಗ ಪೆಡಲನ್ನು ಮೊಟ್ಟೆ ತುಳಿದ ಹಾಗೆ ಒತ್ತಬೇಕು. ಎಲೆಕ್ಟ್ರಿಕ್ ಕಾರಿನವರಿಗೆ ಇದು ಇನ್ನೂ ಮುಖ್ಯ. ಅದರ ಮೋಟರ್ ನಿಂತಲ್ಲಿಂದಲೇ ಪೂರ್ತಿ ಬಲ ಕೊಡುತ್ತದೆ, ಮೇಲೆ ಬ್ಯಾಟರಿಯ ತೂಕ ಬೇರೆ. ಮನೆಯಲ್ಲಿ ಹೊಸದಾಗಿ ಕಲಿಯುತ್ತಿರುವವರು ಇದ್ದರೆ ಪೆಡಲ್ ಒತ್ತಿದಾಗ ಬಲ ಮೆತ್ತಗೆ ಬರುವ ಇಕೊ ಮೋಡ್‌ನಲ್ಲೇ ಕೊಡಿ. ಪಾರ್ಕಿಂಗ್‌ನಲ್ಲಿ ಬ್ರೇಕ್ ಅಂತ ಆಕ್ಸಿಲರೇಟರ್ ಒತ್ತಿದರೆ 67 ಎಚ್‌ಪಿ ಕಾರು ಕೂಗುತ್ತದೆ. ಬಲವಾದ ಕಾರು ಗೋಡೆ ದಾಟುತ್ತದೆ.

ನಾನು ಈಗ ಎರಡನ್ನೂ ಓಡಿಸುತ್ತೇನೆ. ದೂರದ ದಾರಿ, ಜನ ಜಾಸ್ತಿ ಇದ್ದರೆ ಟರ್ಬೊ. ಉಳಿದ ದಿನ ಹೊಲಿಗೆ ಮಷೀನು. ನೋಟ್‌ಬುಕ್ ತಮ್ಮನ ಕಾರಿನಲ್ಲಿದೆ. ಅವನದ್ದು 110 ಎಚ್‌ಪಿ, ಆದರೂ ಸಾಲುವುದಿಲ್ಲ, ಇನ್ನೂ ದೊಡ್ಡದು ನೋಡುತ್ತಿದ್ದಾನೆ. ಹತ್ತು ದಿನದಲ್ಲಿ 9 ಸಲ ಬರೆದಿದ್ದಾನೆ ಅಂತ ನಿನ್ನೆ ಫೋಟೊ ಕಳಿಸಿದ. ಗಿಯರಿನ ಸಾಲಿನಲ್ಲಿ 7 ಕಡೆ "5" ಅಂತ ಇತ್ತು.